ಹೈಸ್ಕೂಲಿನ ಸಾಧಕರ ಪಟ್ಟಿಯಲ್ಲಿ ಯಾರಿರಬೇಕು, ಅವರ ಬಗ್ಗೆ ಏನು ಬರೆಯಬೇಕು?

ಪ್ರಶ್ನೆ: ನಮ್ಮದು ಹೋಬಳಿ ಊರಿನ ಅನುದಾನಿತ ಹೈಸ್ಕೂಲು. ಮುಂದಿನ ವರ್ಷಕ್ಕೆ 60 ತುಂಬುತ್ತದೆ. ಹಳೇ ವಿದ್ಯಾರ್ಥಿಗಳ ಸಂಘದಿಂದ ಒಂದು ಸ್ಮರಣ ಸಂಚಿಕೆ ತರಬೇಕು, ಸಭಾಂಗಣದಲ್ಲಿ ಸಾಧಕರ ಫಲಕ ಹಾಕಿಸಬೇಕು ಅಂತಿದ್ದೇವೆ. ಆದರೆ ಯಾರ ಹೆಸರು ಹಾಕಬೇಕು ಅನ್ನೋದರಲ್ಲೇ ಗುಂಪುಗಳಾಗಿವೆ. ಅಧಿಕಾರಿಗಳು, ಡಾಕ್ಟರುಗಳು, ವಿದೇಶದಲ್ಲಿರುವವರು ಸಾಕು ಅಂತ ಕೆಲವರು. ಊರಲ್ಲೇ ಉಳಿದು ಕೆಲಸ ಮಾಡಿದವರನ್ನು ಬಿಟ್ಟರೆ ಹೇಗೆ ಅಂತ ಇನ್ನು ಕೆಲವರು. ದೇಣಿಗೆ ಕೊಟ್ಟವರದ್ದು ಬೇರೆ ಒತ್ತಾಯ. ಆಯ್ಕೆ ಮಾಡೋದು ಹೇಗೆ? ಹಳೆಯ ವಿವರ ಎಲ್ಲಿ ಹುಡುಕಬೇಕು? ಬರೆಯೋದು ಹೇಗೆ?

— ಸಂಘದ ಕಾರ್ಯದರ್ಶಿ

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಜಗಳ ಆಗುತ್ತಿದೆ ಅಂದರೆ ಜನಕ್ಕೆ ಶಾಲೆಯ ಮೇಲೆ ಪ್ರೀತಿ ಇದೆ ಅಂತಲೇ ಅರ್ಥ. ಶಾಲೆಗಳ ಸ್ಮರಣ ಸಂಚಿಕೆ ಮಾಡೋ ಕೆಲಸದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಈ ಜಗಳ ಎಲ್ಲ ಕಡೆಯೂ ಇದ್ದದ್ದೇ.

60 ವರ್ಷಕ್ಕೆ 60 ಹೆಸರು ಅಂತ ಯಾರಾದರೂ ಲೆಕ್ಕ ಹಾಕಿದ್ದರೆ ಅದನ್ನು ಮೊದಲು ಬಿಡಿ. ಹೆಸರು ಜಾಸ್ತಿಯಾದಷ್ಟೂ ಒಬ್ಬೊಬ್ಬರಿಗೆ ಸಿಗೋ ಜಾಗ ಕಡಿಮೆ. ಕೊನೆಗೆ ಹೆಸರು, ಹುದ್ದೆ, ಪಾಸ್‌ಪೋರ್ಟ್ ಅಳತೆಯ ಫೋಟೊ ಇಷ್ಟೇ ಉಳಿಯುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿ ಅದನ್ನು ನೋಡಿ ಪುಟ ತಿರುಗಿಸುತ್ತಾಳೆ. ಅವಳು ನಿಂತು ಓದಬೇಕು ಅಂದರೆ ಹದಿನೈದೋ ಇಪ್ಪತ್ತೋ ಜನರನ್ನು ಆರಿಸಿ, ಒಬ್ಬೊಬ್ಬರಿಗೆ ಎರಡು ಪುಟ ಕೊಡಿ. ಉಳಿದಂತೆ ಶಾಲೆಯಲ್ಲಿ ಓದಿದ ಎಲ್ಲರ ಹೆಸರನ್ನೂ, ಪಾಸಾದವರು ಫೇಲಾದವರು ಅಂತ ನೋಡದೆ, ಸಂಚಿಕೆಯ ಕೊನೆಯಲ್ಲಿ ಬ್ಯಾಚ್ ಪ್ರಕಾರ ಹಾಕಿ. ಅರ್ಧ ಜಗಳ ಅಲ್ಲಿಗೇ ತಣ್ಣಗಾಗುತ್ತದೆ. ತನ್ನ ಹೆಸರು ಅಚ್ಚಿನಲ್ಲಿ ಕಂಡರೆ ಯಾರಿಗೆ ತಾನೆ ಸಂತೋಷ ಆಗೋಲ್ಲ?

ಆ ಹದಿನೈದು ಇಪ್ಪತ್ತು ಜನರನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿ. ಇವರಿಂದಾಗಿ ಬೇರೆ ಯಾರಿಗೆ, ಏನು ಸಾಧ್ಯವಾಯಿತು? ಸಂಬಳ ಎಷ್ಟು, ಕುರ್ಚಿ ಎಷ್ಟು ಎತ್ತರದ್ದು ಅನ್ನೋದು ಆ ಮನುಷ್ಯನ ಸ್ವಂತ ವಿಷಯ. ಅದರಿಂದ ಇನ್ನೊಬ್ಬರಿಗೆ ಆದದ್ದೇನು ಅನ್ನೋದು ಶಾಲೆಯ ವಿಷಯ.

ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನೇ ತೆಗೆದುಕೊಳ್ಳೋಣ. 1917ರಲ್ಲಿ, ಆನಿ ಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣ ಚಳವಳಿಯ ಕಾಲದಲ್ಲಿ ಶುರುವಾದ ಶಾಲೆ ಅದು. ಅಲ್ಲಿ ಓದಿದ ದೊಡ್ಡವರು ಬಹಳ ಮಂದಿ. ಅವರಲ್ಲಿ ಎಚ್. ನರಸಿಂಹಯ್ಯನವರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. 1935ರಲ್ಲಿ ಓದೋಕೆ ಅಂತ ಬೆಂಗಳೂರಿಗೆ ಬಂದದ್ದು ಕಾಲ್ನಡಿಗೆಯಲ್ಲಿ, ಸುಮಾರು 85 ಕಿಲೋಮೀಟರು. ಮರುವರ್ಷ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ಹೇಳುವ ಅವಕಾಶ ಈ ಹುಡುಗನಿಗೆ ಸಿಕ್ಕಿತು. 1942ರ ಚಳವಳಿಯಲ್ಲಿ ಕಾಲೇಜು ಬಿಟ್ಟು ಜೈಲಿಗೆ ಹೋದರು. ಹೊರಗೆ ಬಂದು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾದರು. ಅಮೆರಿಕದ ಓಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದು ಅದೇ ಕಾಲೇಜಿಗೆ ವಾಪಸ್ ಬಂದು ಪ್ರಿನ್ಸಿಪಾಲರಾದರು. ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಪದ್ಮಭೂಷಣ ಪ್ರಶಸ್ತಿಯೂ ಬಂತು.

ಸಾಮಾನ್ಯವಾಗಿ ಸಂಚಿಕೆಗಳಲ್ಲಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕುಲಪತಿ, ಪದ್ಮಭೂಷಣ ಅಂದಮೇಲೆ ಇನ್ನೇನು ಬೇಕು ಅನ್ನಿಸುತ್ತದೆ. ಆದರೆ ನಮಗೆ ಬೇಕಾದದ್ದು ಶುರುವಾಗೋದೇ ಇದರ ಆಚೆ. 1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ದೊಡ್ಡ ದೊಡ್ಡ ವಿಜ್ಞಾನಿಗಳನ್ನು ಕರೆಸಿ, ಯಾರು ಬೇಕಾದರೂ ಬಂದು ಕೂತು ಕೇಳುವ ಹಾಗೆ ಉಪನ್ಯಾಸ ಮಾಡಿಸಿದರು. ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸೋಕೆ ವಿಶ್ವವಿದ್ಯಾಲಯದಲ್ಲಿ ಸಮಿತಿ ಮಾಡಿದರು, ಅದಕ್ಕೆ ಬಂದ ವಿರೋಧವನ್ನೂ ಎದುರಿಸಿದರು. ಗೌರಿಬಿದನೂರು, ಬಾಗೇಪಲ್ಲಿಯಂಥ ಬರದ ಸೀಮೆಯಲ್ಲಿ ನ್ಯಾಷನಲ್ ಕಾಲೇಜುಗಳು ಬರುವಂತೆ ನೋಡಿಕೊಂಡರು. ಮದುವೆ ಆಗಲಿಲ್ಲ, ಮನೆ ಕಟ್ಟಿಸಲಿಲ್ಲ. ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಬದುಕು ಕಳೆದರು. 2005ರಲ್ಲಿ ತೀರಿಕೊಂಡರು. ಓದೋಕೆ ನಡೆದು ಬಂದ ಹುಡುಗ, ತನ್ನ ಸೀಮೆಯ ಮಕ್ಕಳು ಹಾಗೆ ನಡೆಯೋ ಪಾಡು ತಪ್ಪಲಿ ಅಂತ ಅಲ್ಲೇ ಕಾಲೇಜು ತಂದರು. ಈ ಒಂದು ವಾಕ್ಯ ಬರೆದರೆ ಸಾಕು, ಅವರ ಹುದ್ದೆಗಳನ್ನೆಲ್ಲ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಬಹುದು.

ಬರವಣಿಗೆ ಬಗ್ಗೆ ಕೇಳಿದ್ದೀರಿ. ನಮ್ಮ ಸಂಚಿಕೆಗಳಲ್ಲಿ ಒಂದು ಸಿದ್ಧ ವಾಕ್ಯ ಇದೆ: “ಶ್ರೀಯುತರು ಅವಿರತ ಪರಿಶ್ರಮದಿಂದ ಉನ್ನತ ಹುದ್ದೆಗಳನ್ನು ಅಲಂಕರಿಸಿ ಹುಟ್ಟೂರಿಗೆ ಕೀರ್ತಿ ತಂದಿರುತ್ತಾರೆ.” ಇದನ್ನು ಯಾರ ಫೋಟೊ ಕೆಳಗೆ ಬೇಕಾದರೂ ಹಾಕಬಹುದು, ಹಾಗಾಗಿ ಇದು ಯಾರಿಗೂ ಸೇರಿದ್ದಲ್ಲ. ಬರೆಯೋರಿಗೆ ನಾನು ಹೇಳೋದು ಇಷ್ಟೆ. ಊರು, ವರ್ಷ, ಮಾಡಿದ ಕೆಲಸ, ಅದರಿಂದ ಅನುಕೂಲ ಆದವರು ಯಾರು, ಇಷ್ಟೂ ಬರಲಿ. ಹೊಗಳೋ ಮಾತು ಒಂದೂ ಬೇಡ. ಕೆಲಸ ದೊಡ್ಡದಿದ್ದರೆ ಹೊಗಳಿಕೆ ಓದುವವರ ಮನಸ್ಸಿನಲ್ಲಿ ತಾನಾಗಿ ಹುಟ್ಟುತ್ತದೆ.

ಇನ್ನೊಂದು ಮುಖ್ಯ ವಿಷಯ, ದಾರಿ ತೋರಿಸಿ. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದ ಯು.ಆರ್. ರಾವ್ ಅವರನ್ನು ‘ಇಸ್ರೋ ಅಧ್ಯಕ್ಷರಾಗಿದ್ದರು’ ಅಂತ ಒಂದೇ ಸಾಲಿನಲ್ಲಿ ಬರೆದರೆ, ಹಳ್ಳಿಯ ಮಗುವಿಗೆ ಅದು ಆಕಾಶದಿಂದ ಬಿದ್ದ ಸುದ್ದಿಯಾಗಿ ಕಾಣುತ್ತದೆ. ಅದೇ ಮೆಟ್ಟಿಲು ಮೆಟ್ಟಿಲಾಗಿ ಹೇಳಿ ನೋಡಿ. ಹುಟ್ಟಿದ್ದು 1932ರಲ್ಲಿ, ಉಡುಪಿ ಹತ್ತಿರದ ಅದಮಾರಿನಲ್ಲಿ. ಪ್ರೈಮರಿ ಅಲ್ಲೇ, ಹೈಸ್ಕೂಲು ಉಡುಪಿಯಲ್ಲಿ. ಇಂಟರ್‌ಮೀಡಿಯೆಟ್ ಬಳ್ಳಾರಿಯಲ್ಲಿ. ಬಿ.ಎಸ್ಸಿ. ಅನಂತಪುರದ ಸರ್ಕಾರಿ ಕಾಲೇಜಿನಲ್ಲಿ, ಎಂ.ಎಸ್ಸಿ. ಬನಾರಸ್‌ನಲ್ಲಿ. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯ್ ಅವರ ಕೈಕೆಳಗೆ ಸಂಶೋಧನೆ. ಆಮೇಲೆ ಅಮೆರಿಕದ ಎಂ.ಐ.ಟಿ. ಮತ್ತು ಡಲ್ಲಾಸ್. 1966ರಲ್ಲಿ ಭಾರತಕ್ಕೆ ವಾಪಸ್. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ತಮ್ಮ ತಂಡ ಕಟ್ಟಿಕೊಂಡು ಆರ್ಯಭಟ ಉಪಗ್ರಹ ತಯಾರಿಸಿದರು. ಅದು ಸೋವಿಯತ್ ರಾಕೆಟ್ಟಿನಲ್ಲಿ 1975ರ ಏಪ್ರಿಲ್ 19ರಂದು ಮೇಲಕ್ಕೆ ಹೋಯಿತು. ತೂಕ ಸುಮಾರು 360 ಕೆ.ಜಿ.

ಅದಮಾರು, ಉಡುಪಿ, ಬಳ್ಳಾರಿ, ಅನಂತಪುರ. ಇವೆಲ್ಲ ನಮ್ಮ ಮಕ್ಕಳಿಗೆ ಗೊತ್ತಿರೋ ಊರುಗಳು, ಬಸ್ ಹತ್ತಿದರೆ ತಲುಪೋ ಊರುಗಳು. ಪೀಣ್ಯದಲ್ಲಿ ನಿಮ್ಮೂರಿನ ಎಷ್ಟೋ ಹುಡುಗರು ಇವತ್ತಿಗೂ ಕೆಲಸ ಮಾಡುತ್ತಿರಬಹುದು. ಮೊದಲ ಉಪಗ್ರಹ ಹುಟ್ಟಿದ್ದು ಅಲ್ಲಿ ಅಂತ ಓದಿದರೆ ಮಗುವಿನ ಕಣ್ಣಲ್ಲಿ ಆ ಜಾಗದ ಬೆಲೆಯೇ ಬದಲಾಗುತ್ತದೆ. ಹಾಗೆ ನಿಮ್ಮ ಶಾಲೆಯ ಒಬ್ಬ ಡಾಕ್ಟರ ಬಗ್ಗೆ ಬರೆಯುವಾಗಲೂ ಪಿಯುಸಿ ಎಲ್ಲಿ ಓದಿದರು, ಯಾವ ಹಾಸ್ಟೆಲ್ಲಿನಲ್ಲಿದ್ದರು, ಫೀಸು ಯಾರು ಕಟ್ಟಿದರು ಅಂತ ಕೇಳಿ ಬರೆಯಿರಿ. ಆ ಮಗುವಿನ ಅಪ್ಪ ಅಮ್ಮನೂ ಅದನ್ನು ಓದುತ್ತಾರೆ. ಅವರಿಗೆ ಬೇಕಾಗಿರೋದು ಅದೇ ಮಾಹಿತಿ.

ಓದಿದ ಮಾಧ್ಯಮದ ವಿಷಯವನ್ನೂ ಬಿಡಬೇಡಿ. ಭಾರತರತ್ನ ಸಿ.ಎನ್.ಆರ್. ರಾವ್ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಹೈಸ್ಕೂಲು ಓದಿದ್ದು ಕನ್ನಡ ಮಾಧ್ಯಮದಲ್ಲಿ, ತಂದೆಯವರ ಒತ್ತಾಸೆಯಿಂದ. ರಸಾಯನಶಾಸ್ತ್ರದ ರುಚಿ ಹತ್ತಿದ್ದು ಆ ಶಾಲೆಯಲ್ಲೇ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಕೂತಿರೋ ಮಗುವಿಗೆ ಇದಕ್ಕಿಂತ ಧೈರ್ಯ ಕೊಡೋ ಸಂಗತಿ ಇನ್ನೊಂದಿಲ್ಲ. ನಿಮ್ಮ ಶಾಲೆಯಿಂದ ಹೋದವರಿಗೂ ಮೊದಲ ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಷ್ಟವಾಗಿರುತ್ತದೆ. ಅದನ್ನು ಹೇಗೆ ದಾಟಿದರು ಅಂತ ಕೇಳಿ.

ಕ್ರೀಡಾಪಟುಗಳಿಗೆ ಬರೋಣ. ಅನಿಲ್ ಕುಂಬ್ಳೆ ಕೂಡ ನ್ಯಾಷನಲ್ ಹೈಸ್ಕೂಲಿನ ಹುಡುಗ. 619 ಟೆಸ್ಟ್ ವಿಕೆಟ್, 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಇನಿಂಗ್ಸಿನಲ್ಲಿ ಹತ್ತೂ ವಿಕೆಟ್, ಇದು ಎಲ್ಲರಿಗೂ ಗೊತ್ತು. ಅವರು ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗನ್ನೂ ಮುಗಿಸಿದರು, ಮುಂದೆ ರಾಜ್ಯ ವನ್ಯಜೀವಿ ಮಂಡಳಿಯ ಉಪಾಧ್ಯಕ್ಷರಾಗಿ ಕಾಡಿನ ವಿಷಯಕ್ಕೂ ಸಮಯ ಕೊಟ್ಟರು ಅನ್ನೋದು ಅಷ್ಟಾಗಿ ಮಾತಿಗೆ ಬರೋದಿಲ್ಲ. ನಿಮ್ಮಲ್ಲಿ ರಾಜ್ಯ ಮಟ್ಟದಲ್ಲಿ ಖೋಖೋ ಅಥವಾ ಕಬಡ್ಡಿ ಆಡಿದವರು ಖಂಡಿತ ಇರುತ್ತಾರೆ. ಕಪ್ಪಿನ ಫೋಟೊ ಜೊತೆಗೆ, ಅವರು ಈಗ ಯಾರಿಗಾದರೂ ಆಟ ಕಲಿಸುತ್ತಿದ್ದಾರಾ ಅಂತ ನೋಡಿ.

ಈಗ ಊರಲ್ಲೇ ಉಳಿದವರು. ಇವರ ಪರವಾಗಿ ಮಾತಾಡುತ್ತಿರೋ ಗುಂಪಿನ ಜೊತೆ ನಾನಿದ್ದೇನೆ. ಹಾಲು ಉತ್ಪಾದಕರ ಸಹಕಾರ ಸಂಘ ಕಟ್ಟಿದವರು, ಹೆರಿಗೆಗೆ ರಾತ್ರಿ ಹೊತ್ತಲ್ಲಿ ಜೊತೆಗೆ ಹೋಗೋ ಆಶಾ ಕಾರ್ಯಕರ್ತೆ, ಕೆರೆ ಹೂಳು ಎತ್ತಿಸೋಕೆ ಅಲೆದಾಡಿದವರು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದು ಬರೆದು ಹೆಂಗಸರಿಗೆ ಬ್ಯಾಂಕಿನ ಬಾಗಿಲು ತೋರಿಸಿದವರು. ಇವರೆಲ್ಲ ನಿಮ್ಮ ಶಾಲೆಯ ಬೆಂಚಿನ ಮೇಲೆ ಕೂತವರೇ ಅಲ್ವಾ? ‘ಊರಿಗೆ ತುಂಬಾ ಸೇವೆ ಮಾಡಿದ್ದಾರೆ’ ಅಂತ ಸುಮ್ನೆ ಬರೆದರೆ ಮಾತ್ರ ಅವರಿಗೆ ಅನ್ಯಾಯ. ಡೇರಿ ಕಟ್ಟಿದವರಾದರೆ ಸಂಘದ ನಡಾವಳಿ ಪುಸ್ತಕ ನೋಡಿ. ಮೊದಲ ವರ್ಷ ದಿನಕ್ಕೆ ಎಷ್ಟು ಲೀಟರ್ ಬರುತ್ತಿತ್ತು, ಈಗೆಷ್ಟು, ಸದಸ್ಯರು ಎಷ್ಟಿದ್ದರು, ಈಗೆಷ್ಟು. ಆಶಾ ಕಾರ್ಯಕರ್ತೆಯಾದರೆ ಅವರು ನೋಡಿಕೊಳ್ಳೋ ಮನೆಗಳೆಷ್ಟು. ಈ ಅಂಕಿಗಳು ಸಿಕ್ಕರೆ, ಅಧಿಕಾರಿಯ ಪುಟದ ಎದುರಿಗೆ ಅವರ ಪುಟ ಯಾವ ಸಂಕೋಚವೂ ಇಲ್ಲದೆ ನಿಲ್ಲುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಸಾಧಕರ ಪಟ್ಟಿಗಳಲ್ಲಿ ಅವರು ಕಡಿಮೆ ಇರೋದಕ್ಕೆ ಒಂದು ಸರಳ ಕಾರಣ ಇದೆ. ಮದುವೆಯಾಗಿ ಊರು ಬದಲಾಗಿರುತ್ತದೆ, ಹೆಸರಿನ ಕೊನೆಯೂ ಬದಲಾಗಿರುತ್ತದೆ. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಹೆಸರಾದ ರಾಜೇಶ್ವರಿ ಚಟರ್ಜಿ ನಂಜನಗೂಡಿನಲ್ಲಿ ಹುಟ್ಟಿದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸೀಮೆಯ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು, ಮಹಿಳಾ ಸೇವಾ ಸಮಾಜದ ಮೂಲಕ ಶಾಲೆ ನಡೆಸಿದವರು. ಮೊಮ್ಮಗಳು ಓದು ಶುರು ಮಾಡಿದ್ದು ಅಜ್ಜಿಯ ಶಾಲೆಯಲ್ಲೇ. ಮುಂದೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಅಲ್ಲಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ. 1953ರಲ್ಲಿ ವಾಪಸ್ ಬಂದು ಮೈಕ್ರೋವೇವ್ ಮತ್ತು ಆಂಟೆನಾ ವಿಷಯದಲ್ಲಿ ಪಾಠ, ಸಂಶೋಧನೆ. 1982ರಲ್ಲಿ ನಿವೃತ್ತಿಯಾದ ಮೇಲೆ ಮಹಿಳಾ ಅಧ್ಯಯನದ ಕೆಲಸಕ್ಕೆ ಇಳಿದರು. ಶಾಲೆಯ ದಾಖಲೆಯಲ್ಲಿ ‘ಚಟರ್ಜಿ’ ಅಂತ ಹುಡುಕಿದರೆ ಅವರು ಎಲ್ಲಿ ಸಿಗುತ್ತಾರೆ? ಅದು ಮದುವೆಯ ನಂತರ ಬಂದ ಹೆಸರು.

ಹಾಗಾಗಿ ಹುಡುಗಿಯರ ಹೆಸರಿಟ್ಟುಕೊಂಡು ವಾಟ್ಸ್ಯಾಪ್ ಗ್ರೂಪಿನಲ್ಲಿ ಕೇಳಿದರೆ ಸಾಲದು. ತಂದೆಯ ಹೆಸರು ಹಿಡಿದು ತವರು ಮನೆಗೆ ಹೋಗಿ. ಅಣ್ಣನೋ ಅತ್ತಿಗೆಯೋ ಈಗಿನ ಊರು, ಫೋನ್ ನಂಬರ್ ಹೇಳುತ್ತಾರೆ. ಈ ಕೆಲಸಕ್ಕೆ ನಿಮ್ಮ ಸಂಘದ ಮಹಿಳಾ ಸದಸ್ಯರನ್ನೇ ಕಳಿಸಿ. ಎಂಟನೇ ಕ್ಲಾಸಿಗೇ ಓದು ಬಿಟ್ಟವರನ್ನೂ ಕೇಳಿ ಬರಲಿ. ಮುಂದೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾಗಿ, ಅಂಗನವಾಡಿ ಟೀಚರೋ ನರ್ಸೋ ಆದವರು ಅವರಲ್ಲಿ ಇರಬಹುದು. ಅಂಥವರ ಕಥೆಗೆ ಎರಡು ಪುಟ ಸಾಲದೆ ಬಂದರೆ ಮೂರು ಕೊಡಿ.

ದಾಖಲೆ ಎಲ್ಲಿ ಅಂದಿರಿ. ನಿಮ್ಮ ದೊಡ್ಡ ಆಸ್ತಿ ಆಫೀಸಿನ ಬೀರುವಿನಲ್ಲಿರೋ ದಾಖಲಾತಿ ರಿಜಿಸ್ಟರು. ಉದ್ದನೆಯ ಪುಟ, ಮೊದಲ ಕಾಲಂನಲ್ಲಿ ದಾಖಲಾತಿ ಸಂಖ್ಯೆ, ಆಮೇಲೆ ಹೆಸರು, ತಂದೆ ತಾಯಿ ಹೆಸರು, ಊರು, ಹುಟ್ಟಿದ ದಿನ, ಹಿಂದಿನ ಶಾಲೆ, ಶಾಲೆ ಬಿಟ್ಟ ದಿನ, ಟಿ.ಸಿ. ನಂಬರು. ‘ಹಿಂದಿನ ಶಾಲೆ’ ಅನ್ನೋ ಕಾಲಂ ಮೇಲೆ ಬೆರಳಿಟ್ಟು ಕೆಳಗೆ ಓದುತ್ತಾ ಹೋಗಿ. ಯಾವ ಯಾವ ಹಳ್ಳಿಯಿಂದ ಮಕ್ಕಳು ಬರುತ್ತಿದ್ದರು, ಯಾವ ವರ್ಷದಿಂದ ಹೊಸ ಹಳ್ಳಿಯ ಹೆಸರು ಕಾಣತೊಡಗಿತು, ಒಂದು ಪುಟದಲ್ಲಿ ಹುಡುಗಿಯರ ಹೆಸರು ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಎಲ್ಲ ಅಲ್ಲೇ ಇದೆ. ಇದನ್ನೇ ಒಂದು ಲೇಖನ ಮಾಡಬಹುದು, ಸಾಧಕರ ಪುಟಗಳಿಗಿಂತ ಮೊದಲು ಹಾಕಬಹುದು. ಹುಟ್ಟಿದ ದಿನವನ್ನು ಮಾತ್ರ ಪೂರ್ತಿ ನಂಬಬೇಡಿ. ಜೂನ್ 1 ಅಂತ ಸಾಲು ಸಾಲಾಗಿ ಇದ್ದರೆ, ಅದು ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು ಅಂತ ತಿಳಿಯಿರಿ.

ರಿಜಿಸ್ಟರನ್ನು ಮನೆಗೆ ಒಯ್ಯಬೇಡಿ. ಮುಖ್ಯ ಶಿಕ್ಷಕರ ಅನುಮತಿ ಪಡೆದು ಅಲ್ಲೇ ಕೂತು ಫೋಟೊ ತೆಗೆದುಕೊಳ್ಳಿ. ಮತ್ತು ಅದರಲ್ಲಿರೋದನ್ನೆಲ್ಲ ಅಚ್ಚು ಹಾಕೋ ಹಾಗಿಲ್ಲ. ಜಾತಿ, ಅಂಕ, ಫೇಲಾದ ವಿವರ, ಮನೆ ವಿಳಾಸ, ಫೋನ್ ನಂಬರ್, ಇವು ಯಾವುದೂ ಸಂಚಿಕೆಯಲ್ಲಿ ಬರಬಾರದು. ಬದುಕಿರುವವರಾದರೆ ಅವರನ್ನೇ ಕೇಳಿ, ತೀರಿಕೊಂಡಿದ್ದರೆ ಮನೆಯವರನ್ನು ಕೇಳಿ. ಬೇಡ ಅಂದವರನ್ನು ಒತ್ತಾಯ ಮಾಡಬೇಡಿ.

ದೇಣಿಗೆದಾರರ ಪ್ರಶ್ನೆಗೆ ಉತ್ತರ ಸುಲಭ. ದಾನಿಗಳ ಪಟ್ಟಿ ಬೇರೆ, ಸಾಧಕರ ಪಟ್ಟಿ ಬೇರೆ. ಕೊಠಡಿ ಕಟ್ಟಿಸಿದವರ ಹೆಸರು ಆ ಕೊಠಡಿಯ ಬಾಗಿಲ ಮೇಲೆ, ದತ್ತಿ ಬಹುಮಾನ ಇಟ್ಟವರ ಹೆಸರು ಬಹುಮಾನದ ಜೊತೆ ಗೌರವದಿಂದ ಇರಲಿ. ಇದನ್ನು ಸಂಘದ ಸಭೆಯಲ್ಲಿ ಮೊದಲೇ ತೀರ್ಮಾನ ಮಾಡಿ ಬರೆದಿಡಿ, ದುಡ್ಡು ಕೈಗೆ ಬಂದ ಮೇಲೆ ಹೇಳೋದು ಕಷ್ಟ. ಈಗ ಅಧಿಕಾರದಲ್ಲಿರೋ ರಾಜಕಾರಣಿ ನಿಮ್ಮ ಹಳೇ ವಿದ್ಯಾರ್ಥಿಯಾಗಿದ್ದರೆ, ಯಾವ ಬ್ಯಾಚು, ಯಾವ ಸ್ಥಾನ, ಶಾಲೆಗೆ ಅಥವಾ ಊರಿಗೆ ಆದ ಇಂಥ ಕೆಲಸ ಅಂತ ಬರೆದು ಸುಮ್ಮನಾಗಿ. ಬೇರೆಯವರಿಗೆ ಇಟ್ಟ ಅಳತೆಯನ್ನೇ ಅವರಿಗೂ ಇಡಿ.

ಶಾಲೆಯಲ್ಲಿ ಓದದೇ ಇದ್ದವರ ಬಗ್ಗೆ ನೀವು ಕೇಳಿಲ್ಲ, ಆದರೆ ನಾನು ಹೇಳಲೇಬೇಕು. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಹರೇಕಳ ಹಾಜಬ್ಬ ಯಾವ ಹೈಸ್ಕೂಲಿನ ಮೆಟ್ಟಿಲನ್ನೂ ಹತ್ತಿದವರಲ್ಲ. ವಿದೇಶಿಯರು ಹಣ್ಣಿನ ಬೆಲೆ ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರ ಹೇಳಲಾಗದೆ ಹೋದದ್ದು ಅವರ ಮನಸ್ಸಿಗೆ ನಾಟಿತು. ದಿನದ ದುಡಿಮೆಯಲ್ಲಿ ಉಳಿಸಿ, ಆಫೀಸುಗಳಿಗೆ ಅಲೆದು, ತಮ್ಮೂರು ನ್ಯೂಪಡ್ಪಿಗೆ ಶಾಲೆ ತಂದರು. ಮುಂದೆ ಅದು ಹೈಸ್ಕೂಲು ಕೂಡ ಆಯಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಅದನ್ನು ಪಡೆದರು. ಅಲ್ಲಿ ಓದಿದವರು ಮುಂದೆ ಎಷ್ಟೇ ದೊಡ್ಡವರಾದರೂ ಆ ಶಾಲೆಯ ಸಾಧಕರ ಫಲಕದಲ್ಲಿ ಮೊದಲ ಹೆಸರು ಅವರದೇ ಆಗಬೇಕು ಅಲ್ವಾ? ನಿಮ್ಮ ಶಾಲೆಗೂ ಜಾಗ ಬಿಟ್ಟುಕೊಟ್ಟವರು, ಮಂಜೂರಾತಿಗೆ ಓಡಾಡಿದವರು, ಘಂಟೆ ಹೊಡೆಯುತ್ತಿದ್ದ ಜವಾನರು, ಬಿಸಿಯೂಟದ ಅಡುಗೆಯಮ್ಮ ಇದ್ದಾರೆ. ಅವರಿಗೊಂದು ಭಾಗ ತೆಗೆದಿಡಿ, ಸಂಚಿಕೆಯ ಶುರುವಿನಲ್ಲೇ.

ಆಯ್ಕೆ ಸಮಿತಿಯಲ್ಲಿ ಐದು ಜನ ಸಾಕು. ನಿವೃತ್ತ ಮೇಷ್ಟ್ರು ಒಬ್ಬರು, ಹಳೇ ಬ್ಯಾಚಿನವರು ಒಬ್ಬರು, ಹೊಸ ಬ್ಯಾಚಿನವರು ಒಬ್ಬರು, ಈಗಿನ ಶಿಕ್ಷಕರು ಒಬ್ಬರು, ಊರಿನವರು ಒಬ್ಬರು. ಇವರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಸಮಿತಿಯಲ್ಲಿ ಇರೋರು ತಮ್ಮ ಹೆಸರನ್ನಾಗಲಿ ತಮ್ಮ ಮನೆಯವರ ಹೆಸರನ್ನಾಗಲಿ ಪರಿಗಣಿಸುವಂತಿಲ್ಲ ಅಂತ ಮೊದಲ ದಿನವೇ ನಿರ್ಣಯ ಮಾಡಿ. ಪ್ರತಿ ಪುಟವನ್ನೂ ಅಚ್ಚಿಗೆ ಕಳಿಸೋ ಮುಂಚೆ ಆಯಾ ವ್ಯಕ್ತಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ. ವರ್ಷ, ಊರು, ಇನಿಷಿಯಲ್ ತಪ್ಪಾದರೆ ಅದು ಮುಂದಿನ ಸಂಚಿಕೆಗೂ ಹಾಗೇ ಹೋಗುತ್ತದೆ. ಫಲಕಕ್ಕೆ ಗ್ರಾನೈಟ್ ಬೇಡ, ಹೆಸರು ಸೇರಿಸೋಕೆ ಆಗೋ ಹಾಗೆ ಬಿಡಿ ಬಿಡಿ ತಗಡಿನ ಪಟ್ಟಿಗಳಲ್ಲಿ ಮಾಡಿಸಿ.

ಕೆಲಸ ಎಲ್ಲಿಂದ ಶುರು ಮಾಡಬೇಕು ಅಂದರೆ ಮೊದಲ ಬ್ಯಾಚಿನಿಂದ. 60 ವರ್ಷದ ಹಿಂದೆ ಎಂಟನೇ ಕ್ಲಾಸಿಗೆ ಸೇರಿದವರಿಗೆ ಈಗ 73ರ ಆಸುಪಾಸು. ಅವರಿಗೆ ಪಾಠ ಹೇಳಿದ ಮೇಷ್ಟ್ರುಗಳಲ್ಲಿ ಯಾರಾದರೂ ಇದ್ದರೆ ಇನ್ನೂ ವಯಸ್ಸಾಗಿರುತ್ತದೆ. ಫಲಕದ ಅಳತೆ, ಮುಖಪುಟದ ಬಣ್ಣ ಎಲ್ಲ ಆಮೇಲೆ ನೋಡಿಕೊಳ್ಳಬಹುದು. ಈ ತಿಂಗಳೇ ಇಬ್ಬಿಬ್ಬರಾಗಿ ಅವರ ಮನೆಗಳಿಗೆ ಹೋಗಿ, ಹಳೇ ಗ್ರೂಪ್ ಫೋಟೊ ಇದ್ದರೆ ಅವರ ಮುಂದಿಡಿ, ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಿ. ಫೋಟೊದಲ್ಲಿ ಯಾರು ಯಾರು ನಿಂತಿದ್ದಾರೆ ಅಂತ ಎಡದಿಂದ ಬಲಕ್ಕೆ ಹೆಸರು ಬರೆಸಿಕೊಂಡೇ ಎದ್ದು ಬನ್ನಿ.